ಕ್ಲಾಸೆಟ್ಟಿನಲ್ಲಿ ಚಿತ್ರತಾರೆ

ತಾನು ನಟಿಸಿದ ಸಿನಿಮಾವನ್ನೇ ಒಮ್ಮೆಯೂ ಪೂರ್ತಿ ನೋಡದ ಸಿನಿಮಾ ನಟಿ ಈ ಭೂಮಂಡಲದಲ್ಲಿ ಒಬ್ಬರೇ ಇರುವುದು. ಅವರು ಇಲಿನಾಯ್ ರಾಜ್ಯದ ಲೊಂಬಾರ್ಡ್ ಎಂಬ ಊರಿನಲ್ಲಿ, ನಮ್ಮ ಮನೆಯ ಮಹಡಿಯ ಮೇಲೆ, ನನ್ನ ಬಟ್ಟೆಯ ಕ್ಲಾಸೆಟ್ಟಿನೊಳಗೆ ಬಾಗಿಲು ಹಾಕಿಕೊಂಡು ಕೂತಿರುತ್ತಾರೆ. ಸುಳ್ಳು ಅನ್ನಿಸಿದರೆ ಯಾವುದಾದರೂ ಭಾನುವಾರ ಬೆಳಿಗ್ಗೆ ಬನ್ನಿ. ಆದರೆ ದಯವಿಟ್ಟು ಕಾಲಿಂಗ್ ಬೆಲ್ ಒತ್ತಬೇಡಿ. ಒತ್ತಿದವರ ಗತಿ ಏನಾಯಿತು ಎಂಬುದು ನಮ್ಮ ಬಡಾವಣೆಗೆಲ್ಲ ಗೊತ್ತಿದೆ.

ಅವರು ನಮ್ಮತ್ತೆ, ಅಂದರೆ ನಮ್ಮ ಪತಿರಾಯರನ್ನು ಹೆತ್ತವರು. ಕಪ್ಪು ಬಿಳುಪಿನ ಕಾಲದಲ್ಲಿ, ಇನ್ನೂ ಎರಡು ಜಡೆ ಹಾಕಿಕೊಳ್ಳುವ ವಯಸ್ಸಿನಲ್ಲಿ, ಒಂದೂವರೆ ಸಿನಿಮಾದಲ್ಲಿ ಪಾತ್ರ ಮಾಡಿದ್ದರು. ಒಂದೂವರೆ ಅದು ಹೇಗೆ ಎಂದು ಕೇಳುತ್ತೀರಿ, ಗೊತ್ತು. ಒಂದರಲ್ಲಿ ನಾಯಕಿಯ ಗೆಳತಿ. ಇನ್ನೊಂದರಲ್ಲಿ, ನಾಯಕಿಗೆ ಜ್ವರ ಬಂದ ದಿನ ಅವಳ ಸೀರೆ ಉಟ್ಟು, ಕ್ಯಾಮೆರಾಕ್ಕೆ ಬೆನ್ನು ಮಾಡಿ ಬಾವಿಯಿಂದ ನೀರು ಸೇದಿದರು. ಆ ಬೆನ್ನನ್ನು ಅವರು ಅರ್ಧ ಎಂದು ಲೆಕ್ಕ ಹಿಡಿದಿದ್ದಾರೆ. ನಮ್ಮ ಪತಿರಾಯರು ಒಮ್ಮೆ "ಕಾಲು ಅನ್ನಬಹುದೇನೋಮ್ಮ" ಎಂದು ಬಾಯಿ ತಪ್ಪಿ ಅಂದು, ಆ ವಾರವೆಲ್ಲ ಸಾರಿಲ್ಲದೆ ಮೊಸರನ್ನ ತಿಂದರು.

ಆಮೇಲೆ ಸಿನಿಮಾಕ್ಕೆ ದೊಡ್ಡ ನಮಸ್ಕಾರ ಹಾಕಿ ರೇಡಿಯೋ ಸೇರಿದರು. ನಾಟಕ, ಮಹಿಳೆಯರ ಕಾರ್ಯಕ್ರಮ, ಹಾಡು ಹರಟೆ ಎಲ್ಲವನ್ನೂ ಮಾಡಿ, ನಿರ್ಮಾಪಕಿ ಅನ್ನಿಸಿಕೊಂಡು, ಮೈಸೂರು, ಧಾರವಾಡ ಎಲ್ಲ ಸುತ್ತಿ ಕೊನೆಗೆ ನಿವೃತ್ತರಾದರು. ನಿವೃತ್ತರಾದರು ಎನ್ನುವುದು ಸರ್ಕಾರದ ಅಭಿಪ್ರಾಯ. ನಮ್ಮತ್ತೆಗೆ ಆ ಅಭಿಪ್ರಾಯ ಇಲ್ಲ.

ಮಾವನವರು ಹೋದಮೇಲೆ ಅವರು ನಮ್ಮ ಜೊತೆ ಇರಲು ಬಂದರು. ಬಂದ ಮೊದಲ ಚಳಿಗಾಲದಲ್ಲೇ ಒಂದು ದಿನ ಮನೆಯ ಮೂಲೆಮೂಲೆಗೂ ಹೋಗಿ ಚಪ್ಪಾಳೆ ತಟ್ಟಿ ತಟ್ಟಿ ನೋಡುತ್ತಿದ್ದರು. ಪಾಪ, ವಯಸ್ಸಾದವರು, ಚಳಿಗೆ ಕೈ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಾರೆ ಎಂದು ನಾನು ಶುಂಠಿ ಹಾಕಿ ಕಾಫಿ ಮಾಡಿಕೊಟ್ಟೆ. ಅವರು ಹುಡುಕುತ್ತಿದ್ದದ್ದು ಮಾರ್ದನಿ ಬರದ ಜಾಗವನ್ನು. ಲಿವಿಂಗ್ ರೂಮು ಫೇಲಾಯಿತು. ಬೇಸ್‌ಮೆಂಟ್ ಫೇಲಾಯಿತು. ಕಡೆಗೆ ಸಣ್ಣ ಕೋಣೆಯಷ್ಟಿರುವ ನನ್ನ ವಾಕ್-ಇನ್ ಕ್ಲಾಸೆಟ್ಟಿನಿಂದ ಒಂದು ಸಂತೃಪ್ತ ಚಪ್ಪಾಳೆ ಕೇಳಿತು.

"ನಿನ್ನ ರೇಷ್ಮೆ ಸೀರೆಗಳು ಬಹಳ ಚೆನ್ನಾಗಿದಾವೆ ಕಣೆ" ಎಂದರು ಈಚೆ ಬಂದು.

ಮದುವೆಯಾಗಿ ಇಷ್ಟು ವರ್ಷಕ್ಕೆ ಅತ್ತೆಯ ಬಾಯಲ್ಲಿ ಬಂದ ಮೊದಲ ಹೊಗಳಿಕೆ. ನಾನು ನಾಚಿಕೊಂಡೆ.

"ದನಿ ಚೆನ್ನಾಗಿ ಕುಡಿಯುತ್ವೆ" ಎಂದು ವಾಕ್ಯ ಮುಗಿಸಿದರು.

ಅಂದಿನಿಂದ ನನ್ನ ಸೀರೆಗಳು ಕ್ಲಾಸೆಟ್ಟಿನ ನಾಲ್ಕೂ ಗೋಡೆಗೆ ನೇತುಬಿದ್ದಿವೆ. ಧರ್ಮಾವರಂ ಸೀರೆ ಗಡಸು ದನಿಗಂತೆ, ಮೈಸೂರು ಸಿಲ್ಕು ಪಿಸುಮಾತಿಗಂತೆ. ಅರೋರಾದ ದೇವಸ್ಥಾನದಲ್ಲಿ ಗೆಳತಿಯ ಮಗಳ ಮದುವೆಗೆ ಅಂತ ನಾನು ಕದ್ದು ಒಂದು ಸೀರೆ ತೆಗೆದು ಉಟ್ಟುಕೊಂಡು ಹೋದೆ. ಸರಿಯಾಗಿ ಮುಹೂರ್ತದ ಹೊತ್ತಿಗೆ ಫೋನ್. "ಎಡಗಡೆ ಗೋಡೆ ಯಾವಾಗ ವಾಪಸ್ ಬರುತ್ತೆ? ನಾನಿಲ್ಲಿ ಬಾವಿಯೊಳಗಿಂದ ಮಾತಾಡಿದ ಹಾಗೆ ಕೇಳ್ತಿದೆ." ವಾದ್ಯದವರು ಊದುತ್ತಿದ್ದರು, ಎಲ್ಲರೂ ಅಕ್ಷತೆ ಹಾಕುತ್ತಿದ್ದರು, ಗೋಡೆಯಾದ ನಾನು ಮೂಲೆಯಲ್ಲಿ ನಿಂತು ಸಮಾಧಾನ ಹೇಳುತ್ತಿದ್ದೆ.

ಹೀಗೆ ಶುರುವಾದದ್ದು ಭಾನುವಾರ ಬೆಳಿಗ್ಗೆಯ ಇಂಟರ್‌ನೆಟ್ ರೇಡಿಯೋ. ಶುರುವಿನಲ್ಲಿ ಕಂಪ್ಯೂಟರಿನ ಗುಂಡಿಗಳನ್ನು ಒತ್ತಿಕೊಡುವುದು ನನ್ನ ಮಗಳು. ಅವಳು ಹೈಸ್ಕೂಲು, ಕನ್ನಡ ಎಲ್ಲಾ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ ಬರುತ್ತದೆ. ಕೇಳುಗರು ನೇಪರ್‌ವಿಲ್, ಅರೋರಾ, ಆ ಕಡೆ ಡೆಟ್ರಾಯಿಟಿನ ಸುತ್ತಮುತ್ತ, ಮೈಸೂರಿನಲ್ಲೂ ಒಂದಿಷ್ಟು ಹಳೇ ಅಭಿಮಾನಿಗಳು. ಕಾರ್ಯಕ್ರಮ ಒಂದು ಗಂಟೆಯದು. ಆ ಒಂದು ಗಂಟೆ ನಮ್ಮ ಮನೆಯಲ್ಲಿ ಏನು ನಡೆಯುತ್ತದೆ ಎಂದು ಕೇಳಿದರೆ, ಏನೂ ನಡೆಯುವುದಿಲ್ಲ. ನಡೆಯಕೂಡದು ಎಂದೇ ಆಜ್ಞೆ. ಕ್ಲಾಸೆಟ್ಟಿನ ಬಾಗಿಲಿನ ಮೇಲೆ ಹ್ಯಾಲೊವೀನ್ ಸೇಲಿನಲ್ಲಿ ತಂದ ಕೆಂಪು ಬಲ್ಬು ಹತ್ತಿತು ಅಂದರೆ ಮನೆಯಲ್ಲಿ ನಲ್ಲಿ ತಿರುಗಿಸುವಂತಿಲ್ಲ, ಕುಕ್ಕರ್ ಇಡುವಂತಿಲ್ಲ, ಸೀನುವುದಾದರೆ ಗರಾಜಿಗೆ ಹೋಗಿ ಕಾರಿನೊಳಗೆ ಕೂತು ಸೀನಬೇಕು. ಜನವರಿಯಲ್ಲಿ, ಹೊರಗೆ ಸೊನ್ನೆ ಫ್ಯಾರನ್‌ಹೀಟ್ ಇರುವಾಗ, ಗುಯ್ ಅನ್ನುತ್ತದೆ ಎಂದು ಮನೆ ಬೆಚ್ಚಗಿಡುವ ಫರ್ನೇಸ್ ಆಫ್! ನಾವು ಮೂವರೂ ಕೋಟು ಹಾಕಿಕೊಂಡು ಸೋಫಾದ ಮೇಲೆ ಬಸ್ಸಿಗೆ ಕಾಯುವವರ ಹಾಗೆ ಕೂತಿರುತ್ತೇವೆ. ಒಳಗೆ ಅತ್ತೆ ಬೇಸಗೆಯಲ್ಲಿ ಮಜ್ಜಿಗೆಯ ಉಪಯೋಗಗಳನ್ನು ವಿವರಿಸುತ್ತಿರುತ್ತಾರೆ.

ಇನ್ನು ಫ್ರಿಜ್ಜು. ಅದಕ್ಕೂ ನಮ್ಮತ್ತೆಗೂ ಮೊದಲ ದಿನದಿಂದ ಆಗಿಬರುವುದಿಲ್ಲ. "ಅದು ಗೊಣಗುತ್ತೆ, ಅದಕ್ಕೆ ಶ್ರುತಿ ಅನ್ನೋದೇ ಇಲ್ಲ" ಎನ್ನುತ್ತಾರೆ. ಹಾಗಾಗಿ ಅದನ್ನು ಆಫ್ ಮಾಡುವ ಹೊಣೆ ಪತಿರಾಯರದು. ಆಫ್ ಮಾಡುವುದನ್ನು ಅವರು ಮರೆಯುವುದಿಲ್ಲ, ಆನ್ ಮಾಡುವುದನ್ನು ನೆನಪಿಟ್ಟುಕೊಳ್ಳುವುದಿಲ್ಲ. ಒಂದು ಬೇಸಗೆಯಲ್ಲಿ ಹಾಗೇ ಆಗಿ, ಒಳಗಿದ್ದ ದೋಸೆ ಹಿಟ್ಟು ಇಡೀ ದಿನ ಹುಳಿದು ಹುಳಿದು ಉಬ್ಬಿ, ಬಿಗಿ ಡಬ್ಬಿಯ ಮುಚ್ಚಳ ಢಮ್ ಎಂದು ಹಾರಿತು. ನಾನು ಹಿಟ್ಟು ಬಳಿಯುತ್ತಾ ಗಂಡನ ವಂಶವನ್ನೆಲ್ಲ ನೆನೆಸಿಕೊಳ್ಳುತ್ತಿದ್ದರೆ, ಆ ವಂಶದ ಹಿರಿಯರು ಮಹಡಿಯಿಂದ ಇಳಿದು ಬಂದು, "ಅದೇನದು ಸದ್ದು? ಇನ್ನೊಂದ್ಸಲ ಮಾಡಕ್ಕಾಗುತ್ತಾ?" ಎಂದರು. ಮತ್ತೆ ಹಿಟ್ಟು ರುಬ್ಬಿಸಿದರು, ಮತ್ತೆ ಹುಳಿಸಿದರು, ಪಕ್ಕದಲ್ಲಿ ಮೈಕು ಇಟ್ಟು ಕಾದರು. ಮುಂದಿನ ಭಾನುವಾರದ ನಾಟಕದಲ್ಲಿ ಡಕಾಯಿತರು ಹಾರಿಸಿದ ಗುಂಡೆಲ್ಲ ನಮ್ಮ ದೋಸೆ ಹಿಟ್ಟೇ.

ಸದ್ದಿನ ವಿಷಯದಲ್ಲಿ ಅವರದು ಬಹಳ ಮಡಿ. ಕಂಪ್ಯೂಟರಿನಲ್ಲಿ ಸಿಗುವ ರೆಡಿಮೇಡ್ ಸದ್ದನ್ನು ಮುಟ್ಟುವುದಿಲ್ಲ. ಕುದುರೆ ಅಂದರೆ ತೆಂಗಿನ ಚಿಪ್ಪು. ಗುಡುಗು ಅಂದರೆ ನಮ್ಮ ಬೇಕಿಂಗ್ ಟ್ರೇ. ಮಳೆ ಅಂದರೆ ಮೊರದಲ್ಲಿ ರಾಗಿ ಹಾಕಿ ಆಡಿಸುವುದು. ಆ ಮೊರವನ್ನು ಮೈಸೂರಿನಿಂದ ಸೂಟ್‌ಕೇಸಿನಲ್ಲಿ ತಂದಿದ್ದಾರೆ, ಅದರ ಬದಲು ನನ್ನ ಹುಣಿಸೆ ತೊಕ್ಕನ್ನು ಬಿಟ್ಟು ಬಂದಿದ್ದಾರೆ. ಒಮ್ಮೆ ಮಗಳು ಅಜ್ಜಿಯ ಕೈನೋವು ನೋಡಲಾರದೆ, "ಅಜ್ಜಿ, ದೇರ್ ಈಸ್ ಆ್ಯನ್ ಆ್ಯಪ್ ಫಾರ್ ರೇನ್" ಎಂದು ಫೋನಿನಲ್ಲಿ ಮಳೆ ಸುರಿಸಿ ತೋರಿಸಿದಳು. ಅತ್ತೆ ಕಣ್ಣು ಮುಚ್ಚಿ ಪೂರ್ತಿ ಕೇಳಿದರು.

"ಇದು ಯಾವೂರಿನ ಮಳೆ?"

"ಐ ಡೋಂಟ್ ನೋ, ಅಜ್ಜಿ. ಜಸ್ಟ್ ರೇನ್."

"ನಮ್ಮ ನಾಟಕದಲ್ಲಿ ಮಳೆ ಬರ್ತಿರೋದು ನಂಜನಗೂಡಲ್ಲಿ" ಎಂದು ಮೊರ ಎತ್ತಿಕೊಂಡರು.

ನಮ್ಮ ಪತಿರಾಯರಂತೂ ಹುಟ್ಟಿದ್ದೇ ಸೌಂಡ್ ಎಫೆಕ್ಟಾಗಿ. ಅವರು ಕೂಸಾಗಿದ್ದಾಗ ನಾಟಕದಲ್ಲಿ ಮಗು ಅಳುವ ಸನ್ನಿವೇಶ ಬಂದರೆ ಇವರನ್ನೇ ಸ್ಟುಡಿಯೋಕ್ಕೆ ಎತ್ತಿಕೊಂಡು ಹೋಗುತ್ತಿದ್ದರಂತೆ. ಬಾಯಿಂದ ಹಾಲಿನ ಬಾಟಲು ಕಿತ್ತರೆ ಅಳು, ವಾಪಸ್ ಇಟ್ಟರೆ ಕಟ್. ಬುದ್ಧಿ ಬಂದ ಮೇಲೆ ಸ್ಟುಡಿಯೋದ ಕೈಸನ್ನೆಗಳೇ ಅವರ ಮಾತೃಭಾಷೆ. ಬೆರಳು ಗಿರಗಿರನೆ ತಿರುಗಿಸಿದರೆ ಬೇಗ ಮಾಡು. ಕತ್ತಿನ ಮುಂದೆ ಅಂಗೈ ಎಳೆದರೆ ನಿಲ್ಲಿಸು. ಅಂಗೈಯನ್ನು ಮೇಲ್ಮುಖ ಮಾಡಿ ನಿಧಾನವಾಗಿ ಎತ್ತಿದರೆ ದನಿ ಏರಿಸು. ಈಗಲೂ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಅತ್ತೆ ಬೆರಳು ತಿರುಗಿಸಿದರೆ ಐವತ್ತು ದಾಟಿದ ಈ ಮನುಷ್ಯರು ಗಬಗಬನೆ ತಿನ್ನತೊಡಗುತ್ತಾರೆ.

ಇಷ್ಟೆಲ್ಲ ಆದಮೇಲೆ ಬರುತ್ತದೆ ಕೊನೆಯ ಅಧ್ಯಾಯ, ಅದು ಹೆಸರು ಓದುವುದು. ಕಾರ್ಯಕ್ರಮ ಮುಗಿಯುವಾಗ ಅದರಲ್ಲಿ ಕೈಯಾಡಿಸಿದ ಪ್ರತಿಯೊಬ್ಬರ ಹೆಸರನ್ನೂ ಓದಲೇಬೇಕು. ರಾಗಿ ಆಡಿಸಿದವರು ಇಂಥವರು. ಫ್ರಿಜ್ ಆಫ್ ಮಾಡಿದವರು ಇಂಥವರು. ಸೀರೆಗಳು, ಸೊಸೆಯ ಕೃಪೆ. ನಾಯಿ ಬೊಗಳಿದ್ದು, ಪಕ್ಕದ ಮನೆಯ ಬ್ರೂನೋ. ಕೆಲವು ಸಲ ನಾಟಕಕ್ಕಿಂತ ಈ ಪಟ್ಟಿಯೇ ಉದ್ದವಾಗಿ, ಮಗಳು "ಅಜ್ಜಿ, ನೋಬಡಿ ಕೇರ್ಸ್ ಹೂ ಟರ್ನ್ಡ್ ಆಫ್ ದ ಫ್ರಿಜ್" ಎಂದು ಗೋಳಾಡಿದಳು.

"ಕೆಲಸ ಮಾಡಿದೋರ ಹೆಸರು ಹೇಳದೆ ಮೈಕ್ ಆಫ್ ಮಾಡೋದು ಅಂದ್ರೆ ಬಿಟ್ಟಿ ಊಟ ಹೊಡೆದು ಹಿತ್ತಿಲ ಬಾಗಿಲಲ್ಲಿ ಓಡಿಹೋದ ಹಾಗೆ" ಎಂದರು ಅತ್ತೆ. ಅವರು ಅಷ್ಟು ಗಡುಸಾಗಿ ಹೇಳಿದ್ದು ಯಾಕೆ ಎಂದು ಆಗ ನನಗೆ ತಿಳಿಯಲಿಲ್ಲ.

ತಿಳಿದದ್ದು ಈ ವರ್ಷ, ಖಾದರ್ ಅಂಕಲ್ ಫೋನ್ ಮಾಡಿದಾಗ. ಖಾದರ್ ಅಂಕಲ್ ಗದಗ ಕಡೆಯವರು, ಈಗ ಮಿಷಿಗನ್ನಿನ ನಾರ್ತ್‌ವಿಲ್‌ನಲ್ಲಿದ್ದಾರೆ. ಮದುವೆ, ಬರ್ತ್‌ಡೇ, ಕನ್ನಡದವರ ಹಬ್ಬ ಯಾವುದಿದ್ದರೂ ಸ್ಪೀಕರು, ಮೈಕು, ಪರದೆ ಬಾಡಿಗೆಗೆ ತರುವವರು ಅವರೇ. ಅತ್ತೆ ಧಾರವಾಡದಲ್ಲಿದ್ದಾಗಿನ ದನಿಯನ್ನು ಚಿಕ್ಕಂದಿನಲ್ಲಿ ಕೇಳಿದ್ದವರು. ಭಾನುವಾರದ ನಮ್ಮ ಕಾರ್ಯಕ್ರಮಕ್ಕೆ ಅವರು ತಪ್ಪದ ಕೇಳುಗರು. ಸ್ಪೀಕರ್ ಫೋನಿನಲ್ಲಿ ಎಲ್ಲರಿಗೂ ಕೇಳುವ ಹಾಗೆ ಮಾತಾಡಿದರು.

"ಅಮ್ಮಾ, ನಮಸ್ಕಾರ್ರಿ. ನಿಮ್ಮ ಪಿಕ್ಚರ್ ಸಿಕ್ಕೇತ್ರಿ."

"ಯಾವ ಪಿಕ್ಚರು?"

"ನಿಮ್ದ ರೀ, ನೀವು ಮಾಡಿದ್ದು. ಯಾರೋ ಪುಣ್ಯಾತ್ಮರು ಇಂಟರ್‌ನೆಟ್‌ನ್ಯಾಗ ಹಾಕ್ಯಾರ. ಯುಗಾದಿ ಪ್ರೋಗ್ರಾಮಿಗೆ ತೋರಸೂಣು ಅಂತ ಎಲ್ಲಾರೂ ಅನ್ನಾಕತ್ತಾರ. ನೀವೂ ಬರ್ಬೇಕು, ಒಂದು ಶಾಲು ಹೊದಸ್ತೀವಿ. ಆ ಗುಡಿ ಮೆಟ್ಟಲದ ಸೀನ್‌ನ್ಯಾಗ ಮಾತಿನ ನಡುವ ಒಂದು ಬಿಕ್ಕು ಬರ್ತೈತಲ್ರಿ, ನಮ್ಮ ಅಮ್ಮಿ ಅದನ್ನ ಸಾಯೋತನಕ ನೆನಸ್ತಿದ್ಲು. ಟಾಕೀಜಿನಾಗ ಎಲ್ಲಾರೂ ಅತ್ತಿದ್ರಂತ."

"ನಾನು ಬಿಕ್ಕಿಲ್ಲ" ಎಂದು ಅತ್ತೆ ಫೋನ್ ಇಟ್ಟುಬಿಟ್ಟರು.

ಸಿನಿಮಾ ನಟಿಯ ಸೊಸೆ ಅನ್ನಿಸಿಕೊಳ್ಳುವ ಆಸೆ ನನಗೂ ಇಲ್ಲದಿಲ್ಲ. ಡೆಟ್ರಾಯಿಟ್ ಕಡೆಯ ಆಂಟಿಯರ ಮುಂದೆ ಮೊದಲ ಸಾಲಿನಲ್ಲಿ ಕೂರುವ ಅವಕಾಶ ಕೈತಪ್ಪುತ್ತಿದೆಯಲ್ಲ ಎಂದು ಹೊಟ್ಟೆ ಉರಿದು, ಅಡುಗೆಮನೆಯಲ್ಲಿ ಹಿಡಿದು ನಿಲ್ಲಿಸಿ ಕೇಳಿದೆ. ಆಗ ಕಥೆ ಈಚೆ ಬಂತು.

ನಮ್ಮತ್ತೆಯ ದನಿ ಹುಟ್ಟಾ ದಪ್ಪ. ಶೂಟಿಂಗು ಮದ್ರಾಸಿನಲ್ಲಿ. ಅವರ ಪಾತ್ರಕ್ಕೆ ಇದ್ದದ್ದು ಒಂದೇ ದೊಡ್ಡ ಸೀನು. ಊರು ಬಿಟ್ಟು ಹೋಗಿದ್ದ ನಾಯಕ ಮರಳಿ ಬಂದಾಗ, ನಾಯಕಿಗೆ ಬೇರೆಯವರ ಜೊತೆ ಮದುವೆಯಾಗಿಹೋಯಿತು ಎಂದು ದೇವಸ್ಥಾನದ ಮೆಟ್ಟಿಲ ಮೇಲೆ ನಿಂತು ಅವನಿಗೆ ಹೇಳಬೇಕು. ಒಂದೇ ಟೇಕಿಗೆ ಡೈರೆಕ್ಟರು ಓಕೆ ಅಂದರು. ಹುಡುಗಿ ಕುಣಿದುಕೊಂಡು ಮೈಸೂರಿಗೆ ವಾಪಸ್ ಬಂದಳು. ಸಿನಿಮಾ ಬಿಡುಗಡೆಯ ದಿನ ಇಡೀ ಬೀದಿಯವರನ್ನು ಜಟಕಾ ಗಾಡಿಗಳಲ್ಲಿ ತುಂಬಿಕೊಂಡು ಟಾಕೀಸಿಗೆ ಹೊರಟರು. ಗೇಟಿನಲ್ಲಿ ಅಣ್ಣ ಸಿಕ್ಕಿದ. ಬೆಳಗಿನ ಆಟ ನೋಡಿಕೊಂಡು ಈಚೆ ಬರುತ್ತಿದ್ದ. "ಮುಖ ಏನೋ ನಿಂದೇ. ಮಾತು ಯಾರೋ ಬೇರೆ ಹೆಂಗಸಿಂದು ಕಣೆ" ಎಂದ. ಹುಡುಗಿಯನ್ನು ಒಂದು ಮಾತೂ ಕೇಳದೆ ಮದ್ರಾಸಿನಲ್ಲಿ ಬೇರೆಯವರಿಂದ ದನಿ ಕೊಡಿಸಿಬಿಟ್ಟಿದ್ದರು. ಡೈರೆಕ್ಟರ ಮಾತು ಆಮೇಲೆ ಕಿವಿಗೆ ಬಿತ್ತಂತೆ: ಮುಖ ನೋಡಿದರೆ ಚಂದ್ರ, ಬಾಯಿ ತೆರೆದರೆ ಪೊಲೀಸು.

ಬೀದಿಯವರನ್ನೆಲ್ಲ ಒಳಗೆ ಕಳಿಸಿ ನಮ್ಮತ್ತೆ ಆಟ ಮುಗಿಯುವವರೆಗೂ ಹೊರಗೆ ಜಟಕಾದಲ್ಲಿ ಕೂತು ಕಡಲೆಕಾಯಿ ತಿಂದರು. ಈಚೆ ಬಂದ ಹೆಂಗಸರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಅದೇನು ಬಿಕ್ಕಿದೆಯೇ ತಾಯಿ, ಕರುಳು ಹಿಂಡಿತು" ಎಂದರು. ಆ ಬಿಕ್ಕು ಯಾವುದು ಎಂದು ನಮ್ಮತ್ತೆಗೆ ಈ ಕಥೆ ಹೇಳಿದ ದಿನದವರೆಗೂ ಗೊತ್ತಿರಲಿಲ್ಲ. ಮಾತಿನಲ್ಲಿ ಅಂಥದ್ದೇನೂ ಬರೆದಿರಲಿಲ್ಲ. ಆ ಸಿನಿಮಾವನ್ನು ಅವರು ಅಂದೂ ನೋಡಲಿಲ್ಲ, ಮುಂದೆಯೂ ನೋಡಲಿಲ್ಲ. ರೇಡಿಯೋದ ಇಂಟರ್‌ವ್ಯೂನಲ್ಲಿ ಅಧಿಕಾರಿಗಳು ಕಣ್ಣು ಮುಚ್ಚಿಕೊಂಡು ಕೇಳಿ, ಕಣ್ಣು ಮುಚ್ಚಿಕೊಂಡೇ ಕೆಲಸ ಕೊಟ್ಟರಂತೆ.

"ನನ್ನ ಮುಖ ನೋಡಿದೋರು ನನ್ನ ದನಿ ಕೇಳಿಲ್ಲ, ದನಿ ಕೇಳಿದೋರು ಮುಖ ನೋಡಿಲ್ಲ" ಎಂದರು ಅತ್ತೆ, ಹುರುಳಿಕಾಯಿ ಮುರಿಯುತ್ತಾ. "ಎಂಬತ್ತು ದಾಟಿತು ಕಣೆ. ಈಗೀಗ ಗಂಟಲೂ ಕೈಕೊಡ್ತಿದೆ. ಡಾಕ್ಟರು ಮಾತು ಕಮ್ಮಿ ಮಾಡಿ ಅಂತಾನೆ. ಒಂದೇ ಒಂದ್ಸಲ ಆ ಮುಖಕ್ಕೆ ಈ ದನಿ ಸೇರಿದ್ರೆ ಸಾಕಿತ್ತು."

 ಖಾದರ್ ಅಂಕಲ್‌ಗೆ ನಾನೇ ಫೋನ್ ಮಾಡಿಕೊಟ್ಟೆ. ಅತ್ತೆ ಷರತ್ತು ಹಾಕಿದರು. "ಆ ಸೀನು ಬಂದಾಗ ಸೌಂಡ್ ತೆಗೀಬೇಕು. ನಾನು ಪಕ್ಕದಲ್ಲಿ ನಿಂತು ಮೈಕಲ್ಲಿ ಹೇಳ್ತೀನಿ. ಒಪ್ಪಿದ್ರೆ ಬರ್ತೀನಿ, ಇಲ್ದಿದ್ರೆ ಶಾಲು ಪೋಸ್ಟಲ್ಲಿ ಕಳಿಸಿ."

"ಆತು ತಗೋರಿ ಅಮ್ಮಾ" ಎಂದರು ಖಾದರ್ ಅಂಕಲ್.

ತಾಲೀಮು ಶುರುವಾಯಿತು. ಮಾತು ಒಂದಕ್ಷರ ಮರೆತಿರಲಿಲ್ಲ. ಇಡ್ಲಿ ಹಾಕುತ್ತಾ, ಬಟ್ಟೆ ಮಡಿಸುತ್ತಾ, ನನ್ನನ್ನು ನಾಯಕ ಮಾಡಿ ನಿಲ್ಲಿಸಿಕೊಂಡು ಹೇಳುತ್ತಿದ್ದರು: "ನೀವು ಬರೋದು ತಡವಾಯ್ತು. ಅವಳು ಹೊರಟುಹೋದಳು. ಹೋಗುವಾಗ ಅವಳು ಹಿಂತಿರುಗಿ ನೋಡಲಿಲ್ಲ. ನಾನೇ ನೋಡ್ತಾ ನಿಂತಿದ್ದೆ." ದನಿ ದಪ್ಪ, ಈಗ ಅಂಚಿನಲ್ಲಿ ಸ್ವಲ್ಪ ಹರಿದಿತ್ತು. ಆದರೂ ನಾನು ಪ್ರತಿಸಲವೂ ತಡವಾಗಿ ಬಂದದ್ದಕ್ಕೆ ಒಳಗೊಳಗೇ ನೊಂದುಕೊಳ್ಳುತ್ತಿದ್ದೆ. ಮಗಳು ಮಾತ್ರ ತಲೆ ಚಚ್ಚಿಕೊಂಡಳು. ಸಿನಿಮಾ ಲ್ಯಾಪ್‌ಟಾಪಿನಲ್ಲೇ ಇದೆ, ಒಮ್ಮೆ ನೋಡಿಕೊಂಡು ತುಟಿಗೆ ಸರಿಯಾಗಿ ಅಭ್ಯಾಸ ಮಾಡಿ ಎಂದು ಬೇಡಿಕೊಂಡಳು.

"ಅಜ್ಜಿ, ಯು ಹ್ಯಾವ್ ಟು ಸಿಂಕ್ ಇಟ್. ಜಸ್ಟ್ ವಾಚ್ ಇಟ್ ಒನ್ಸ್."

"ತುಟಿ ನಂದು, ಮಾತು ನಂದು. ನಾನು ಹೇಗೆ ಹೇಳಿದೆ ಅಂತ ನಂಗೊತ್ತಿಲ್ವಾ?" ಎಂದರು. ರೇಡಿಯೋದವರಿಗೆ ತುಟಿ ಅನ್ನುವುದೊಂದು ಇದೆ ಎಂದೇ ನೆನಪಿರುವುದಿಲ್ಲ ಎಂದು ಕಾಣುತ್ತದೆ.

ಲೊಂಬಾರ್ಡಿನಿಂದ ನಾರ್ತ್‌ವಿಲ್ಲಿಗೆ ಕೆರೆಯ ಬುಡ ಸುತ್ತಿಕೊಂಡು ಐದು ತಾಸಿನ ಡ್ರೈವು. ಕೆರೆ ಅಂದೆನೇ? ಲೇಕ್ ಮಿಷಿಗನ್ನನ್ನು ನಮ್ಮತ್ತೆ ಕೆರೆ ಅಂದೂ ಅಂದೂ ನನಗೂ ಅದೇ ಬಂದುಬಿಟ್ಟಿದೆ. ದಾರಿಯುದ್ದಕ್ಕೂ ಅವರದು ಮೌನವ್ರತ, ಬಾಯಲ್ಲಿ ಕಲ್ಲುಸಕ್ಕರೆ, ಕತ್ತಿಗೆ ಮಫ್ಲರು. ಗಂಟಲು ಒಣಗುತ್ತದೆ ಎಂದು ಹೀಟರ್ ಬೇರೆ ಇಲ್ಲ. ಹಿಂದಿನ ಸೀಟಿನಿಂದ ಕೈಸನ್ನೆ ಮಾತ್ರ. ಕಲಮಜೂ ಎಂಬ ಊರು ದಾಟಿದ ಮೇಲೆ ತಡವಾಗುತ್ತಿದೆ ಎಂದು ಕನ್ನಡಿಯಲ್ಲಿ ಕಾಣುವ ಹಾಗೆ ಬೆರಳು ಗಿರಗಿರ ತಿರುಗಿಸಿದರು. ಹೆತ್ತಮ್ಮನ ಸನ್ನೆ! ಪತಿರಾಯರ ಕಾಲು ತಾನಾಗಿಯೇ ಆ್ಯಕ್ಸಿಲರೇಟರ್ ಒತ್ತಿತು. ಸ್ವಲ್ಪ ಹೊತ್ತಿಗೆ ಹಿಂದೆ ಕೆಂಪು ನೀಲಿ ದೀಪ.

ಪೊಲೀಸಪ್ಪ ಕಿಟಕಿಯ ಹತ್ತಿರ ಬಗ್ಗಿ, ಇಷ್ಟು ಅವಸರ ಯಾಕೆ ಎಂದು ಕೇಳಿದ. ಪತಿರಾಯರು ತಾಯಿ, ಸಿನಿಮಾ, ದನಿ, ಮದ್ರಾಸು ಎಂದೆಲ್ಲ ಇಂಗ್ಲಿಷಿನಲ್ಲಿ ತೊದಲಿದರು. ಅವನು ಹಿಂದಕ್ಕೆ ತಿರುಗಿ ಅತ್ತೆಯನ್ನು "ಆರ್ ಯು ಓಕೆ ಮ್ಯಾಮ್" ಎಂದು ಕೇಳಿದ. ಅತ್ತೆ ಮೌನ ಮುರಿಯಲಿಲ್ಲ. ಅವನನ್ನೇ ನೆಟ್ಟಗೆ ನೋಡುತ್ತಾ ಕತ್ತಿನ ಮುಂದೆ ಅಂಗೈ ಎಳೆದರು. ಮಾತು ನಿಲ್ಲಿಸು, ಹೊತ್ತಾಯಿತು ಎಂದು ಅದರ ಅರ್ಥ. ಅಮೆರಿಕದ ಪೊಲೀಸಿಗೆ ಅದರ ಅರ್ಥ ಬೇರೆಯೇ ಆಗುತ್ತದೆ ಎಂದು ಗಾಬರಿಯಾಗಿ ನಾನು ಅತ್ತೆಯ ಕೈ ಹಿಡಿದು ಕೆಳಗಿಳಿಸಿ, "ಶಿ ಈಸ್ ಎ ರೇಡಿಯೋ ಪ್ರೊಡ್ಯೂಸರ್, ಸರ್" ಎಂದು ಅರಚಿದೆ. ಅವನಿಗೆ ಏನನ್ನಿಸಿತೋ, ನಕ್ಕು, ಎಚ್ಚರಿಕೆ ಹೇಳಿ ಬಿಟ್ಟುಬಿಟ್ಟ.

ಶಾಲೆಯೊಂದರ ಸಭಾಂಗಣ ತುಂಬಿತ್ತು. ಬೇವುಬೆಲ್ಲ, ಮಕ್ಕಳ ಕೋಲಾಟ ಮುಗಿದು ಸಿನಿಮಾ ಶುರುವಾಯಿತು. ಅತ್ತೆ ಒಳಗೆ ಬರಲೊಪ್ಪದೆ ತಮ್ಮ ಸೀನು ಬರುವವರೆಗೂ ಹೊರಗಿನ ಕಾರಿಡಾರಿನಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಜಟಕಾ ಒಂದಿರಲಿಲ್ಲ, ಕಡಲೆಕಾಯಿ ನಾನು ತಂದಿದ್ದೆ. ಅವರು ಮುಟ್ಟಲಿಲ್ಲ. 

ಸೀನು ಹತ್ತಿರ ಬಂದಾಗ ಖಾದರ್ ಅಂಕಲ್ ಸಿನಿಮಾ ನಿಲ್ಲಿಸಿ, ನಾಲ್ಕು ಮಾತಾಡಿ ಅತ್ತೆಯನ್ನು ಕರೆದರು. ಚಪ್ಪಾಳೆ. ಅತ್ತೆ ಪರದೆಯ ಪಕ್ಕದ ಮೈಕಿನ ಮುಂದೆ ನಿಂತು ಕೊನೆಗೂ ತಲೆ ಎತ್ತಿ ನೋಡಿದರು. ಪರದೆಯ ಮೇಲೆ ದೇವಸ್ಥಾನದ ಮೆಟ್ಟಿಲು, ಮೆಟ್ಟಿಲ ಮೇಲೆ ಎರಡು ಜಡೆಯ ಹುಡುಗಿ. ನಮ್ಮ ಮಗಳದೇ ಮೂಗು, ಮಗಳದೇ ಹಣೆ. ಪಕ್ಕದಲ್ಲಿ ಕೂತಿದ್ದ ಮಗಳು "ಓ ಮೈ ಗಾಡ್, ದಟ್ಸ್ ಮಿ" ಎಂದು ನನ್ನ ತೋಳು ಹಿಡಿದುಕೊಂಡಳು.

ಸಿನಿಮಾ ಹೊರಟಿತು, ಸೌಂಡ್ ಹೋಯಿತು. "ನೀವು ಬರೋದು ತಡವಾಯ್ತು" ಎಂದರು ಅತ್ತೆ. ಹುಡುಗಿ ಇನ್ನೂ ತುಟಿ ತೆರೆದಿರಲಿಲ್ಲ. ಅವಳು ತೆರೆಯುವ ಹೊತ್ತಿಗೆ ಅತ್ತೆ ಎರಡನೇ ಮಾತಿನಲ್ಲಿದ್ದರು. ಎಂಬತ್ತು ದಾಟಿದ ದಪ್ಪ ದನಿ ಒಂದು ಕಡೆ, ಹದಿಹರೆಯದ ತುಟಿ ಇನ್ನೊಂದು ಕಡೆ. ಹಿಂದಿನ ಸಾಲಿನಲ್ಲಿ ಹುಡುಗರು ಕಿಸಕ್ಕೆಂದರು, ಆಮೇಲೆ ಒಂದಿಬ್ಬರು ದೊಡ್ಡವರೂ.  ನನಗೆ ಎದ್ದು ಆ ಹುಡುಗರ ಕಿವಿ ಹಿಂಡಬೇಕು ಅನ್ನಿಸಿತು. ಅತ್ತೆ ನಿಲ್ಲಿಸಿದರು. ಬಾಯಿ ಮುಚ್ಚಿಕೊಂಡು ಆ ಹುಡುಗಿಯ ತುಟಿಯನ್ನೇ ನೋಡುತ್ತಾ ನಿಂತರು. 

ಆಮೇಲೆ ಅಂಗೈಯನ್ನು ಮೇಲ್ಮುಖ ಮಾಡಿ ನಿಧಾನವಾಗಿ ಎತ್ತಿದರು.

ಖಾದರ್ ಅಂಕಲ್‌ಗೆ ಅರ್ಥವಾಗಲಿಲ್ಲ, ನೀರು ಬೇಕೇನೋ ಎಂದು ಬಾಟಲಿ ಹಿಡಿದರು. ಅರ್ಥವಾದದ್ದು ಒಬ್ಬರಿಗೇ. ನಮ್ಮ ಪತಿರಾಯರು ಸಾಲಿನಲ್ಲಿದ್ದವರ ಕಾಲನ್ನೆಲ್ಲ ತುಳಿದುಕೊಂಡು ಓಡಿ, ಅಂಕಲ್ ಪಕ್ಕ ನುಗ್ಗಿ, ಸೀನನ್ನು ಮೊದಲಿಗೆ ಎಳೆದು ಸೌಂಡ್ ಏರಿಸಿದರು.

ಒಂದು ತೆಳು ಹೆಣ್ಣುದನಿ ಸಭಾಂಗಣವನ್ನು ತುಂಬಿತು. ಆ ತುಟಿಗೆ ಆ ದನಿ ಹಾಲಿಗೆ ಕೆನೆ ಕೂತ ಹಾಗೆ ಕೂತಿತ್ತು. "ಹೋಗುವಾಗ ಅವಳು" ಎಂದಿತು ದನಿ. ಹುಡುಗಿ ಅಲ್ಲಿ ಒಂದು ಗಳಿಗೆ ನಿಂತು ಎಂಜಲು ನುಂಗಿದಳು, ಅಲ್ಲಿ ಸಣ್ಣದೊಂದು ಬಿಕ್ಕು ಕೇಳಿಸಿತು. "ಹಿಂತಿರುಗಿ ನೋಡಲಿಲ್ಲ. ನಾನೇ ನೋಡ್ತಾ ನಿಂತಿದ್ದೆ." ಕಿಸಕ್ಕೆಂದ ಹುಡುಗರೂ ಸುಮ್ಮನಾದರು. ಕಣ್ಣು ಮುಚ್ಚಿಯೇ ಎಲ್ಲವನ್ನೂ ಕೇಳುವ ನಮ್ಮತ್ತೆ ಕಣ್ಣು ಬಿಟ್ಟುಕೊಂಡು ಕೇಳುತ್ತಿದ್ದರು, ಕೆನ್ನೆ ಒದ್ದೆಯಾಗಿತ್ತು. ಅವರು ಅತ್ತದ್ದನ್ನು ನಾನು ಮಾವನವರು ಹೋದ ದಿನವೂ ಕಂಡಿರಲಿಲ್ಲ.

ಶಾಲು ಹೊದಿಸಿ ನಾಲ್ಕು ಮಾತಾಡಿ ಎಂದು ಮೈಕು ಕೊಟ್ಟರು. ಅತ್ತೆ ಮಾತಾಡಿದ್ದು ಇಷ್ಟೇ:

"ಹೋಗುವಾಗ ಅವಳು ಅನ್ನೋ ಕಡೆ ನಂಗೆ ಮುಂದಿನ ಮಾತು ಮರೆತುಹೋಗಿತ್ತು. ಹೆದರಿಕೆಗೆ ಎಂಜಲು ನುಂಗಿದೆ. ಡೈರೆಕ್ಟರಿಗೆ ಗೊತ್ತಾಗಲಿಲ್ಲ, ಓಕೆ ಅಂದ್ರು. ನಾನೂ ಯಾರಿಗೂ ಹೇಳಲಿಲ್ಲ. ಆಕೆಗೆ ಗೊತ್ತಾಗಿದೆ. ನಾನು ಮರೆತ ಜಾಗದಲ್ಲಿ ಆಕೆ ಅತ್ತಿದಾಳೆ, ನನ್ನ ಮಾನ ಉಳಿಸಿದಾಳೆ. ನಾನು ಅರವತ್ತು ವರ್ಷ ಆಕೇನ ಬೈದುಕೊಂಡೆ. ಟೈಟಲಲ್ಲಿ ನನ್ನ ಹೆಸರು ಹಾಕಿದಾರಂತೆ, ಆಕೆ ಹೆಸರು ಎಲ್ಲೂ ಇಲ್ಲವಂತೆ. ಈ ಶಾಲು ನನಗೆ ಅರ್ಧವೇ ಸೇರಬೇಕಾದ್ದು."

ಖಾದರ್ ಅಂಕಲ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು. "ನಮ್ಮ ಅಮ್ಮಿಗೆ ಹೇಳಬೇಕಾಗಿತ್ರಿ ಇದನ್ನ" ಎಂದರು.

ವಾಪಸ್ ಬರುವಾಗ ಅತ್ತೆ ಹೀಟರ್ ಹಾಕಲು ಒಪ್ಪಿದರು. ಕಡಲೆಕಾಯಿಯನ್ನೂ ತಿಂದರು. ಶಾಲನ್ನು ಮಡಿಸಿ ತಂದು ಕ್ಲಾಸೆಟ್ಟಿನಲ್ಲಿ ಧರ್ಮಾವರಂ ಸೀರೆಯ ಪಕ್ಕ ನೇತುಹಾಕಿದ್ದಾರೆ. ದನಿ ಚೆನ್ನಾಗಿ ಕುಡಿಯುತ್ತದಂತೆ.

ಈಗ ಭಾನುವಾರದ ಪಟ್ಟಿ ಇನ್ನೂ ಒಂದು ಸಾಲು ಉದ್ದವಾಗಿದೆ. ರಾಗಿ, ನಾಯಿ, ಸೀರೆ, ಫ್ರಿಜ್ ಎಲ್ಲ ಮುಗಿದ ಮೇಲೆ ಅತ್ತೆ ಸ್ವಲ್ಪ ತಡೆದು ಓದುತ್ತಾರೆ: "ದೇವಸ್ಥಾನದ ಮೆಟ್ಟಿಲ ಮೇಲೆ ನನಗೆ ದನಿ ಕೊಟ್ಟವರು, ಒಬ್ಬ ಹೆಣ್ಣುಮಗಳು. ಹೆಸರು ತಿಳಿದಿಲ್ಲ. ಕೇಳುಗರಲ್ಲಿ ಗೊತ್ತಿದ್ದವರು ದಯವಿಟ್ಟು ತಿಳಿಸಿ." ಇದುವರೆಗೆ ಯಾರೂ ತಿಳಿಸಿಲ್ಲ. ರೇಡಿಯೋದಲ್ಲಿ ಒಂದು ಗಳಿಗೆ ಸುಮ್ಮನಿದ್ದರೂ ಅಪರಾಧ ಎಂದು ನಮಗೆಲ್ಲ ಪಾಠ ಹೇಳಿದವರು, ಆ ಸಾಲು ಓದಿದ ಮೇಲೆ ಮೈಕು ಆಫ್ ಮಾಡದೆ ಸುಮ್ಮನೆ ಕೂತಿರುತ್ತಾರೆ, ಆ ಕಡೆಯಿಂದ ಯಾರಾದರೂ ಮಾತಾಡಬಹುದು ಎನ್ನುವ ಹಾಗೆ. ಕೆಳಗೆ ಸೋಫಾದ ಮೇಲೆ ನಾವೂ ಉಸಿರು ಹಿಡಿದುಕೊಂಡು ಕೂತಿರುತ್ತೇವೆ. ಫ್ರಿಜ್ ಆಫ್ ಮಾಡುವುದು ಈಗ ನಾನು, ನಾನಾಗಿಯೇ ಕೇಳಿ ಪಡೆದ ಕೆಲಸ.